ನಿಮಗಿದು ಗೊತ್ತೇ? ಕಲಬುರಗಿಯವರು ಹೊಸ ವರ್ಷವನ್ನು ಕುಡಿಯುತ್ತಾರೆ!

ಯುಗಾದಿಯ ಬೆಳಿಗ್ಗೆ ಬೆಂಗಳೂರು–ಮೈಸೂರು ಕಡೆಯವರು ‘ಬೇವು-ಬೆಲ್ಲ ತಿಂದ್ರಾ?’ ಎಂದು ಕೇಳುತ್ತಾರೆ. ಕಲಬುರಗಿಯಲ್ಲಿ ಕೇಳುವುದು ‘ಬೇವು ಕುಡದ್ರೇನ್ರಿ?’ ಎಂದು. ಬೆಂಗಳೂರಿನ ಕಡೆ ಎರಡು ಎಸಳು ಬೇವು, ಚಿಟಿಕೆ ಬೆಲ್ಲ ಅಂಗೈಯಲ್ಲಿ ಮುಗಿದುಹೋಗುತ್ತದೆ. ಇಲ್ಲಿ ತುಂಬಿದ ಗ್ಲಾಸು. ಒಂದು ಕುಡಿದರೆ ಇನ್ನೊಂದು ಕೈಗೆ ಬರುತ್ತದೆ. ಬೇಡ ಅಂದರೆ ‘ಹಬ್ಬದ ದಿವ್ಸ ಒಲ್ಲೆ ಅನಬಾರ್ದ್ರಿ’ ಎನ್ನುವ ಉತ್ತರ ತಯಾರಿರುತ್ತದೆ.

ವರ್ಷದ 364 ದಿನ ಕಲಬುರಗಿಯಲ್ಲೂ ಬೇವು ಅಂದರೆ ಮರವೇ. ಯುಗಾದಿಯ ಒಂದು ದಿನ ಮಾತ್ರ ಬೇವು ಅಂದರೆ ಪಾನಕ.

ಅದರೊಳಗೆ ಏನೇನಿದೆ? ಹುಣಸೆ ರಸ, ಬೆಲ್ಲ, ಹೆರೆದ ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಹಿಟ್ಟು, ಒಣಕೊಬ್ಬರಿ, ಗಸಗಸೆ, ಉತ್ತತ್ತಿ, ಗೋಡಂಬಿ, ಒಣದ್ರಾಕ್ಷಿ. ಕೆಲವು ಮನೆಗಳಲ್ಲಿ ಬಾಳೆಹಣ್ಣು, ಹಸಿದ್ರಾಕ್ಷಿಯೂ ಬೀಳುತ್ತವೆ. ಮಾಡುವುದು ಹೊಸ ಮಣ್ಣಿನ ಗಡಗಿಯಲ್ಲಿ. ನಮ್ಮ ಆಯಿ ನಸುಕಿನಲ್ಲೇ ಬೇವಿನ ಮರದ ಬುಡಕ್ಕೆ ಹಳೆಯ ಧೋತರ ಹಾಸಿ, ಕೋಲಿನಿಂದ ಟೊಂಗೆಯನ್ನು ಮೆಲ್ಲಗೆ ಅಲುಗಾಡಿಸುತ್ತಿದ್ದಳು. ಬಿದ್ದ ಹೂವನ್ನು ಮೊರದಲ್ಲಿ ಕೇರಿ, ತೊಟ್ಟು-ಕಡ್ಡಿ ಆರಿಸಿ, ಅಂಗೈಯಲ್ಲಿ ಒಂದೇ ಸುತ್ತು ತಿಕ್ಕಿ ಗಡಗಿಗೆ ಹಾಕುತ್ತಿದ್ದಳು. ಪುಟಾಣಿ ಹಿಟ್ಟಿನ ಸರದಿ ಕೊನೆಗೆ. ಅದನ್ನು ಮೊದಲು ಬೇರೆ ಬಟ್ಟಲಲ್ಲಿ ತುಸು ನೀರಿನಲ್ಲಿ ಕಲಸಿಕೊಳ್ಳಬೇಕು. ಒಣಹಿಟ್ಟನ್ನು ಹಾಗೇ ಸುರಿದರೆ ಗಂಟು ಕಟ್ಟುತ್ತದೆ. ಒಂದು ವರ್ಷ ನಾನೇ ಅವಸರ ಮಾಡಿ ಸುರಿದುಬಿಟ್ಟೆ. ಆ ಸಲ ನಮ್ಮ ಮನೆಯ ಬೇವನ್ನು ಎಲ್ಲರೂ ಕುಡಿಯುವುದರ ಬದಲು ಅಗಿದರು.

ಗ್ಲಾಸಿನ ತಳದಲ್ಲಿ ಉಳಿಯುವ ಗೋಡಂಬಿ-ಉತ್ತತ್ತಿಗಾಗಿ ಮಕ್ಕಳು ಜಗಳವಾಡುತ್ತಾರೆ. ಕಹಿಯನ್ನು ಕುಡಿಸುವ ಉಪಾಯಗಳಲ್ಲಿ ಇದಕ್ಕಿಂತ ಜಾಣತನದ್ದು ನಾನು ಕಂಡಿಲ್ಲ.

ಸಿಹಿಯನ್ನು ಗುರುತಿಸಲು ನಮ್ಮ ನಾಲಿಗೆಗೆ ಮುಖ್ಯವಾಗಿ ಇರುವುದು ಒಂದೇ ಬಗೆಯ ಗ್ರಾಹಕ. ಕಹಿಗೆ ಸುಮಾರು 25 ಬಗೆ! ಎಷ್ಟೋ ವಿಷದ ಗಿಡಗಳು ಕಹಿಯಾಗಿರುವುದರಿಂದ ದೇಹ ಅಷ್ಟು ಕಾವಲುಗಾರರನ್ನು ಇಟ್ಟುಕೊಂಡಿದೆ. ಯುಗಾದಿಯ ಬೆಳಿಗ್ಗೆ ಆ ಕಾವಲುಗಾರರನ್ನೆಲ್ಲ ಸುಮ್ಮನಿರಿಸುವ ಕೆಲಸ ಬೆಲ್ಲದ್ದು.

ಬೇವು ಸೇವಿಸುವಾಗ ಹೇಳುವ ಸಂಸ್ಕೃತ ಶ್ಲೋಕ ನೂರು ವರ್ಷ ಆಯಸ್ಸು, ವಜ್ರದಂಥ ಮೈ, ಸಕಲ ಸಂಪತ್ತು ಸಿಗುತ್ತದೆ, ಕೆಡುಕೆಲ್ಲ ಕಳೆಯುತ್ತದೆ ಎಂದು ಪಟ್ಟಿ ಕೊಡುತ್ತದೆ. ಆದರೆ ಶ್ಲೋಕ ತಿನ್ನಲು ಹೇಳುವುದು ಬೇವಿನ ಎಲೆಯನ್ನು. ನಮ್ಮವರು ಸದ್ದಿಲ್ಲದೆ ಎಲೆಯ ಜಾಗದಲ್ಲಿ ಹೂವು ಇಟ್ಟುಕೊಂಡರು. ಹೂವಿಗೆ ಎಲೆಯಷ್ಟು ಕಹಿಯಿಲ್ಲ, ಮೇಲಾಗಿ ತೆಳುವಾದ ಜೇನಿನ ಪರಿಮಳವಿದೆ.

ಇನ್ನೊಂದು ಮಾತು. ಆ ಪಟ್ಟಿಯಲ್ಲಿ ‘ಅದೃಷ್ಟ’ ಇಲ್ಲ. ಅದೃಷ್ಟ ಎಂಬ ಪದದ ಮೂಲ ಅರ್ಥ ‘ಕಾಣದ್ದು’. ಕಲಬುರಗಿಯ ಹಳ್ಳಿಗಳಲ್ಲಿ ಹಬ್ಬದ ಊಟಕ್ಕೆ ಈ ಪದವನ್ನು ಅಂಟಿಸಿದ್ದು ನಾನಂತೂ ಕೇಳಿಲ್ಲ. ‘ಈ ವರ್ಷ ಮಳಿ-ಬೆಳಿ ಚಲೋ ಆಗ್ಲಿ’ ಅನ್ನುತ್ತಾರೆ, ಅಷ್ಟೇ. ಬೇಡುವುದೆಲ್ಲ ಕಣ್ಣಿಗೆ ಕಾಣುವಂಥದ್ದು, ಚೀಲದಲ್ಲಿ ತುಂಬುವಂಥದ್ದು.

ಜಿಲ್ಲೆಯ ಪೂರ್ವಕ್ಕೆ ಸೇಡಂ–ಚಿಂಚೋಳಿ ದಾಟಿದರೆ ತೆಲಂಗಾಣ. ಅಲ್ಲಿನ ಉಗಾದಿ ಪಚ್ಚಡಿಗೆ ಉಪ್ಪು, ಹುಳಿ, ಖಾರ, ಕಹಿ, ಒಗರು, ಸಿಹಿ ಎಂದು ಆರು ರುಚಿಯ ಕಟ್ಟುನಿಟ್ಟಿನ ಲೆಕ್ಕ. ಪಶ್ಚಿಮಕ್ಕೆ ಆಳಂದ–ಅಫಜಲಪುರ ದಾಟಿದರೆ ಮಹಾರಾಷ್ಟ್ರ. ಅದೇ ದಿನ ಅಲ್ಲಿ ಗುಡಿ ಪಾಡವಾ. ಬೇವಿನ ಚಿಗುರಿಗೆ ಬೆಲ್ಲ, ಅಜವಾನ, ನೆನೆಸಿದ ಕಡಲೆಬೇಳೆ ಸೇರಿಸಿ ಅರೆದ ಚಟ್ನಿ. ನಡುವೆ ನಾವು, ಕೈಯಲ್ಲಿ ಗ್ಲಾಸು. ಒಂದೇ ಮರ, ಒಂದೇ ಪಾಡ್ಯ. ಒಬ್ಬರು ನೆಕ್ಕುತ್ತಾರೆ, ಒಬ್ಬರು ಅಗಿಯುತ್ತಾರೆ, ಒಬ್ಬರು ಕುಡಿಯುತ್ತಾರೆ.

ಕರ್ನಾಟಕದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ಜಿಲ್ಲೆ ಕಲಬುರಗಿ. ತೊಗರಿಯ ಕಣಜ ಎಂಬ ಬಿರುದು ಇದೆ, ತೊಗರಿ ಅಭಿವೃದ್ಧಿ ಮಂಡಳಿ ಇಲ್ಲೇ ಇದೆ, ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಹಾಗಿದ್ದರೂ ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಯುಗಾದಿ ಹೋಳಿಗೆಯ ಹೂರಣ ಕಡಲೆಬೇಳೆಯದು! ತೊಗರಿ ಬೇಳೆಯ ಒಬ್ಬಟ್ಟು ತಟ್ಟುವವರು ಹಳೇ ಮೈಸೂರಿನವರು. ಬೆಳೆಯುವವರು ಒಂದು ಕಡೆ, ಹೂರಣ ರುಬ್ಬುವವರು ಇನ್ನೊಂದು ಕಡೆ. ‘ಹೂರಣಕ್ಕ ಕಡ್ಲಿ ಬ್ಯಾಳೀನೇ ಬೇಕು, ತೊಗರಿ ದಿನಾ ಉಣ್ಣೂದು’ ಎಂಬುದು ನಮ್ಮ ಮನೆಯ ವಾದ. ದಿನವೂ ಮನೆಯಲ್ಲಿರುವ ನೆಂಟನಿಗೆ ಮಣೆ ಹಾಕುವವರು ಯಾರು?

ಬೇಳೆ ಬಸಿದ ನೀರಿಗೆ ‘ಕಟ್ಟು’ ಎಂದು ಹೆಸರು. ಅದರದೇ ಕಟ್ಟಿನ ಸಾರು. ಹಬ್ಬದ ದಿನಕ್ಕಿಂತ ಮರುದಿನ, ಕುದಿದು ಕುದಿದು ಗಟ್ಟಿಯಾದ ಮೇಲೆ ಅದರ ರುಚಿಯೇ ಬೇರೆ. ಹೋಳಿಗೆಗಾಗಿ ಬಂದ ನೆಂಟರು ಸಾರಿಗಾಗಿ ಒಂದು ದಿನ ಹೆಚ್ಚು ಉಳಿದದ್ದುಂಟು.

ಹೊಸ ವರ್ಷಕ್ಕೆ ಬೇಳೆಕಾಳು ಬೇಯಿಸುವವರು ನಾವಷ್ಟೇ ಅಲ್ಲ. ಇಟಲಿಯವರು ಡಿಸೆಂಬರ್ 31ರ ರಾತ್ರಿ ಚೆನ್ನಂಗಿ ಕಾಳು ತಿನ್ನುತ್ತಾರೆ. ಕಾಳು ಚಪ್ಪಟೆ, ದುಂಡಗೆ, ನಾಣ್ಯದ ಹಾಗೆ; ಎಷ್ಟು ಕಾಳು ತಿಂದರೆ ಅಷ್ಟು ದುಡ್ಡು ಎಂಬ ನಂಬಿಕೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ಕ್ಕೆ ಅಲಸಂದೆ ಕಾಳು ಹಾಕಿದ ಅನ್ನ. ಬೇಳೆಕಾಳಿಗೂ ದುಡ್ಡಿಗೂ ನಂಟಿದೆ ಎಂದು ಕಲಬುರಗಿಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನ ವರ್ಷ ಹೇಗಿತ್ತು ಎಂಬುದನ್ನು ಗಂಜ್ ಮಾರುಕಟ್ಟೆಯಲ್ಲಿ ತೊಗರಿಗೆ ಬಿದ್ದ ರೇಟೇ ಹೇಳುತ್ತದೆ.

ಹೋಳಿಗೆಯ ಮಾತಿಗೆ ಮರಳಿದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಕೃತಿ. ಅದರ ಅನ್ನಭೋಗ ಭಾಗದಲ್ಲಿ ಗೋಧಿಯ ಪೋಲಿಕಾ, ಮಂಡಕಗಳ ಪ್ರಸ್ತಾಪ ಬರುತ್ತದೆ. ಮಂಡಕವೆಂದರೆ ಈಗಲೂ ನಾವು ಉಣ್ಣುವ ಮಂಡಿಗೆಯ ಹಿರಿಯಜ್ಜ. ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ದೂರವೇನಲ್ಲ.

ಜಪಾನಿನಲ್ಲಿ ವರ್ಷದ ಕೊನೆಯ ರಾತ್ರಿ ಉದ್ದನೆಯ ಸೋಬಾ ಶಾವಿಗೆ ಸವಿಯುತ್ತಾರೆ. ಎಳೆ ಉದ್ದ ಇದ್ದಷ್ಟು ಆಯಸ್ಸು ಉದ್ದ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಯುಗಾದಿಗೆ ಶಾವಿಗೆ ಬಸಿಯುತ್ತಾರೆ. ಮೇಲೆ ಬೆಲ್ಲ, ತುಪ್ಪ, ಹಾಲು. ಎಳೆಯ ಉದ್ದವನ್ನು ಮಾತ್ರ ಯಾರೂ ಅಳೆಯುವುದಿಲ್ಲ. ತುಪ್ಪ ಎಷ್ಟು ಬಿತ್ತು ಎಂಬುದರ ಮೇಲೆ ಎಲ್ಲರ ಕಣ್ಣು.

ಸ್ಪೇನಿನಲ್ಲಿ ನಡುರಾತ್ರಿ ಗಂಟೆ ಹನ್ನೆರಡು ಬಡಿಯುವಾಗ ಒಂದೊಂದು ಬಡಿತಕ್ಕೆ ಒಂದೊಂದರಂತೆ 12 ದ್ರಾಕ್ಷಿ ನುಂಗಬೇಕು. ಕಲಬುರಗಿಯ ಬೇವಿನಲ್ಲಿ ತೇಲುವ ದ್ರಾಕ್ಷಿಗೆ ಇಂಥ ಅವಸರವಿಲ್ಲ.

ಹಣ್ಣಿನ ಮಾತು ಬಂತಲ್ಲ, ಕಮಲಾಪುರಕ್ಕೆ ಹೋಗೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿರುವ ಈ ಊರು ಈಗ ತಾಲ್ಲೂಕು ಕೇಂದ್ರ. ಅದಕ್ಕೂ ಬಹಳ ಮೊದಲೇ ಅದರ ಹೆಸರನ್ನು ದೂರದೂರಕ್ಕೆ ಒಯ್ದದ್ದು ಕೆಂಪು ಬಾಳೆಹಣ್ಣು. ಸಿಪ್ಪೆ ಕುಂಕುಮಕ್ಕೂ ಕಂದಿಗೂ ನಡುವಿನ ಬಣ್ಣ, ಒಳಗೆ ಕೆನೆಬಣ್ಣದ ತಿರುಳು, ಬೆರಳಿಟ್ಟರೆ ಬೆಣ್ಣೆ. ‘ಕಮಲಾಪುರ ಕೆಂಪು ಬಾಳೆ’ಗೂ ಭೌಗೋಳಿಕ ಸೂಚಿಕೆ ಇದೆ. ಹೀಗೆ ಒಂದೇ ಜಿಲ್ಲೆಯಿಂದ ಒಂದು ಬೇಳೆ, ಒಂದು ಹಣ್ಣು ಆ ಪಟ್ಟಿ ಸೇರಿವೆ.

ಮಾಮೂಲು ಬಾಳೆ ಒಂದು ವರ್ಷದ ಆಸುಪಾಸಿನಲ್ಲಿ ಗೊನೆ ಕೊಡುತ್ತದೆ. ಕೆಂಪು ಬಾಳೆಗೆ 16ರಿಂದ 18 ತಿಂಗಳು ಬೇಕು. ಈ ಯುಗಾದಿಗೆ ಮರಿ ನೆಟ್ಟರೆ ಮುಂದಿನ ಯುಗಾದಿಗೂ ಹಣ್ಣಿಲ್ಲ. ಅದನ್ನೂ ದಾಟಿ, ಪಂಚಮಿ-ಗಣೇಶ ಚೌತಿಯ ಹೊತ್ತಿಗೆ ಗೊನೆ. ಅಷ್ಟೂ ದಿನ ನೀರು ಕೊಡಬೇಕು, ಎತ್ತರದ ಗಿಡ ಗಾಳಿಗೆ ಬೀಳದಂತೆ ಕಾಯಬೇಕು. ಇದನ್ನು ‘ಶ್ರೀಮಂತರ ಹಣ್ಣು’ ಎಂದು ಕರೆಯುವುದು ಅದರ ಬೆಲೆ ನೋಡಿ. ಬೆಳೆದವನು ಅಷ್ಟು ತಿಂಗಳು ಕಾಯಲು ಎಷ್ಟು ಶ್ರೀಮಂತನಾಗಿರಬೇಕು ಎಂಬುದನ್ನೂ ಸೇರಿಸಬಹುದು.

ಕೆಂಪು ಬಾಳೆಯ ತೋಟದಲ್ಲಿ ಒಮ್ಮೊಮ್ಮೆ ಒಂದು ಗಿಡ ಹೇಳದೆ ಕೇಳದೆ ಹಸಿರು ಕಾಯಿ ಬಿಡುತ್ತದೆ. ಕಳ್ಳ ತಳಿಯಲ್ಲ, ರೋಗವೂ ಅಲ್ಲ. ಕೆಂಪಿನ ಗುಣ ಕಳೆದುಕೊಂಡ ಅದೇ ತಾಯಿಯ ಮಗು.

ವಿಯೆಟ್ನಾಮಿನ ಹೊಸ ವರ್ಷದ ಹಬ್ಬ ತೆತ್. ಅದಕ್ಕೆ ಐದು ಹಣ್ಣಿನ ತಟ್ಟೆ ಜೋಡಿಸುತ್ತಾರೆ. ಉತ್ತರದವರಿಗೆ ಆ ತಟ್ಟೆಯಲ್ಲಿ ಬಾಳೆ ಇರಲೇಬೇಕು. ಹಸಿರು ಚಿಪ್ಪನ್ನು ಅಂಗೈಯಂತೆ ಕೆಳಗಿಟ್ಟು ಉಳಿದ ಹಣ್ಣನ್ನು ಅದರ ಮೇಲೆ ಕೂರಿಸುತ್ತಾರೆ. ದಕ್ಷಿಣದವರು ಬಾಳೆಯನ್ನು ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ. ಅವರ ಬಾಯಲ್ಲಿ ಬಾಳೆಯ ಹೆಸರು ‘ತಲೆಕೆಳಗಾಗಿ ಬೀಳು’ ಎಂಬ ಅರ್ಥದ ಮಾತಿನಂತೆ ಕೇಳುತ್ತದೆ. ಪುಣ್ಯಕ್ಕೆ ಕನ್ನಡದಲ್ಲಿ ಬಾಳೆ ‘ಬಾಳು’ ಎಂದು ಕೇಳುತ್ತದೆ. ಕಮಲಾಪುರದವರು ಅಷ್ಟರ ಮಟ್ಟಿಗೆ ಭಾಷೆಗೆ ಋಣಿಗಳು.

ಮನೆಮಗಳು ಹಬ್ಬ ಮುಗಿಸಿ ಹೊರಟಾಗ ಉಡಿ ತುಂಬುವುದರಲ್ಲಿ ಬಾಳೆಹಣ್ಣಿಗೆ ಖಾಯಂ ಜಾಗ. ಅಕ್ಕಿ ಇಲ್ಲವೇ ಗೋಧಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ-ಅಡಿಕೆ, ಹಣ್ಣು. ಹೋಳಿಗೆಯ ಜೊತೆಗಾದರೆ ಬಾಳೆಹಣ್ಣಿನ ಸೀಕರಣಿ: ಹಣ್ಣು ಕಿವುಚಿ, ಹಾಲು-ಸಕ್ಕರೆ ಬೆರೆಸಿ, ಯಾಲಕ್ಕಿ ಪುಡಿ ಉದುರಿಸಿದರೆ ಆಯಿತು. ಮಾವಿನಹಣ್ಣಿನ ಸೀಕರಣಿಗೆ ಯುಗಾದಿಯಲ್ಲಿ ಇನ್ನೂ ಹೊತ್ತು. ಪಾಡ್ಯಕ್ಕೆ ಮಾವಿನಕಾಯಿಯ ಹುಳಿ, ಮುಂದಿನ ತಿಂಗಳು ಅಕ್ಷಯ ತೃತೀಯಕ್ಕೆ ಮಾವಿನಹಣ್ಣಿನ ಸಿಹಿ. ಅಂದೇ ಬಸವ ಜಯಂತಿ ಕೂಡ.

ಹೋಳಿ ಹುಣ್ಣಿಮೆಯಾಗಿ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ. ಅಲ್ಲಿಂದ ಹತ್ತು-ಹನ್ನೊಂದು ದಿನಕ್ಕೆ ಯುಗಾದಿ. ಈ ಹೊತ್ತಿನಲ್ಲಿ ಪೇಟೆಯ ಅಂಗಡಿಗಳ ಮುಂದೆ ತೂಗಾಡುವುದು ಸಕ್ಕರೆ ಸರ. ಕಟ್ಟಿಗೆಯ ಅಚ್ಚಿನ ಗುಳಿಗಳ ನಡುವೆ ಮೊದಲು ದಾರ ಹಾಯಿಸಿ, ಅಚ್ಚು ಮುಚ್ಚಿ, ಬಿಸಿ ಪಾಕ ಹೊಯ್ಯುತ್ತಾರೆ. ಪಾಕ ಗಟ್ಟಿಯಾದ ಮೇಲೆ ಅಚ್ಚು ಬಿಚ್ಚಿದರೆ ದಾರದ ಸಮೇತ ಹೂವು-ಪದಕಗಳ ಬಿಳಿ ಸರ ಈಚೆ ಬರುತ್ತದೆ. ಮಕ್ಕಳ ಕೊರಳಿಗೆ ಹಾಕುವುದು ವಾಡಿಕೆ. ಸಂಜೆಯವರೆಗೂ ಅದು ಕೊರಳಲ್ಲಿ ಉಳಿಯುವುದಿಲ್ಲ, ಆಮೇಲೆ ದಾರವಷ್ಟೇ.

ಭಾರತ ಸರಕಾರ 1957ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗದ ಪ್ರಕಾರ ಚೈತ್ರ 1 ಎಂದರೆ ಮಾರ್ಚ್ 22, ಅಧಿಕ ವರ್ಷದಲ್ಲಿ ಮಾರ್ಚ್ 21. ನಮ್ಮ ಚಾಂದ್ರಮಾನ ಯುಗಾದಿ 2023ರಲ್ಲಿ ಅದೇ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ ಜಿಗಿಯಿತು. ಸರಕಾರಿ ಚೈತ್ರಕ್ಕೆ ಹೋಳಿಗೆ ಮಾಡಿದವರನ್ನು ನಾನಿನ್ನೂ ನೋಡಿಲ್ಲ. ನಿಜಾಮರ ಕಾಲದಲ್ಲಿ ಕಲಬುರಗಿಯ ಕಂದಾಯದ ಲೆಕ್ಕ ನಡೆಯುತ್ತಿದ್ದ ಫಸಲಿ ವರ್ಷಕ್ಕೂ ಅದೇ ಗತಿ. ಹೆಸರಲ್ಲೇ ಫಸಲು ಇದ್ದರೂ ಅದಕ್ಕೊಂದು ಸಿಹಿತಿಂಡಿ ಹುಟ್ಟಲಿಲ್ಲ.

ಹಿಜರಿ ವರ್ಷ ಮೊಹರಂ ತಿಂಗಳಿನಿಂದ ಆರಂಭ. ಅದು ಶೋಕದ ತಿಂಗಳಾದ್ದರಿಂದ ಸಂಭ್ರಮದ ಮಾತಿಲ್ಲ. ಆದರೆ ಮೊಹರಮ್ಮಿಗೆ ಕೂರಿಸುವ ಅಲಾವಿ ದೇವರುಗಳಿಗೆ ಚೊಂಗೆಯ ನೈವೇದ್ಯವುಂಟು: ಗೋಧಿ ಹಿಟ್ಟಿನ ಹಾಳೆಯನ್ನು ಕೆತ್ತನೆಯ ಮಣೆಗೆ ಒತ್ತಿ, ಚಿತ್ತಾರ ಮೂಡಿಸಿ, ಬೆಲ್ಲ-ಗಸಗಸೆ ಸೇರಿಸಿ ಮಾಡುವ ಸಿಹಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೂಗಳ ಮನೆಯಲ್ಲೂ ಚೊಂಗೆಯ ಮಣೆ ಸಿಗುತ್ತದೆ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಚೊಂಗೆ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ ಬರುತ್ತದೆ.

ವ್ಯಾಪಾರಿಗಳ ಹೊಸ ವರ್ಷ ದೀಪಾವಳಿಗೆ. ಹೊಸ ಖಾತೆ ಪುಸ್ತಕಕ್ಕೆ ಕುಂಕುಮ, ಲಕ್ಷ್ಮಿಯ ಮುಂದೆ ಚುರುಮುರಿ-ಬತ್ತಾಸು. ಸಾವಿರಗಟ್ಟಲೆ ವಹಿವಾಟಿನ ಅಂಗಡಿಯಲ್ಲೂ ದೇವಿಗೆ ಸಲ್ಲುವುದು ಅತಿ ಅಗ್ಗದ ತಿಂಡಿ!

ಇಷ್ಟೆಲ್ಲ ಹೇಳಿದರೂ, ಕಲಬುರಗಿಯ ಅಸಲಿ ಭಾಗ್ಯದ ಊಟ ಯಾವುದು ಎಂದು ಕೇಳಿದರೆ ನನ್ನ ಓಟು ಯುಗಾದಿಗಲ್ಲ, ಎಳ್ಳಾಮಾಸಿಗೆ. ಮಾರ್ಗಶಿರದ ಕೊನೆಯ ಎಳ್ಳು ಅಮಾವಾಸ್ಯೆ ಬರುವುದು ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ, ಇಂಗ್ಲಿಷ್ ಹೊಸ ವರ್ಷದ ಅಕ್ಕಪಕ್ಕ. ಹೊಲದಲ್ಲಿ ತೊಗರಿ ಬಲಿತಿರುತ್ತದೆ, ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಅಂದು ಊರು ಖಾಲಿ. ಹೊಲ ಇದ್ದವರು ಹೊಲಕ್ಕೆ, ಇಲ್ಲದವರು ಗೆಳೆಯರ ಹೊಲಕ್ಕೆ, ಅದೂ ಆಗದವರು ಬುತ್ತಿ ಕಟ್ಟಿಕೊಂಡು ಸಾರ್ವಜನಿಕ ಉದ್ಯಾನಕ್ಕೆ.

ಬುಟ್ಟಿಯ ರಾಜ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜ್ಜಿಯಲ್ಲ ಇದು, ಮಂದನೆಯ ಪಲ್ಯ. ಹಸಿ ತೊಗರಿಕಾಳು, ಹಸಿಕಡಲೆ, ಅವರೆ, ಬಟಾಣಿ, ಮೆಂತ್ಯ, ಪುಂಡಿ ಪಲ್ಲೆ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆ, ಬಾರಿಹಣ್ಣು, ಹುಣಸೆ, ಹಸಿಮೆಣಸಿನಕಾಯಿ ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು, ಕೊನೆಗೆ ಕಡಲೆಹಿಟ್ಟಿನಿಂದ ಗಟ್ಟಿಯಾಗುತ್ತದೆ. ಆ ವಾರ ಹೊಲದಲ್ಲಿ, ಬದುವಿನಲ್ಲಿ ಏನೇನು ಸಿಗುತ್ತದೋ ಅದರ ಹಾಜರಿ ಪುಸ್ತಕವೇ ಈ ಭಜ್ಜಿ. ಜೊತೆಗೆ ಸಜ್ಜೆ ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ.

ಮೊದಲ ತುತ್ತು ಮಾತ್ರ ಮನುಷ್ಯರಿಗಲ್ಲ. ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಚರಗ. ಭಜ್ಜಿ, ಕಡಬು, ರೊಟ್ಟಿಯನ್ನು ಮುರಿದು ಕಲಸಿ ಒಬ್ಬರು ಬೆಳೆಯ ನಡುವೆ ಚೆಲ್ಲುತ್ತ ಮುಂದೆ ನಡೆಯುತ್ತಾರೆ, ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಇಬ್ಬರೂ ಕೂಗುತ್ತಾರೆ; ಆ ಕೂಗಿನ ಮಾತು ಊರಿಂದೂರಿಗೆ ಬೇರೆ. ನಮ್ಮ ಮುತ್ಯಾನ ಹಿಂದೆ ತಂಬಿಗೆ ಹಿಡಿದು ನಡೆಯುವ ಕೆಲಸ ನನ್ನದಾಗಿತ್ತು. ಜೋಳದ ಗರಿ ಕೆನ್ನೆಗೆ ತರಚುತ್ತಿತ್ತು. ‘ಬದುವಿನ ಮೂಲಿ ಬಿಡಬ್ಯಾಡೋ, ಅಲ್ಲೂ ಹಾಕು’ ಎಂದು ಅವನು ತಿರುಗದೆಯೇ ಹೇಳುತ್ತಿದ್ದ. ನಾವು ಮರದ ನೆರಳಿಗೆ ಬಂದು ಕೂರುವಷ್ಟರಲ್ಲಿ ಹಿಂದೆ ಗುಬ್ಬಿ, ಗೊರವಂಕಗಳ ಪಂಕ್ತಿ ಶುರುವಾಗಿರುತ್ತಿತ್ತು.

ಎಳ್ಳಾಮಾಸಿಯ ಲೆಕ್ಕದಲ್ಲಿ ಒಂದು ತಮಾಷೆ ನೋಡಿ. 2023ರಲ್ಲಿ ಈ ಹಬ್ಬ ಬರಲೇ ಇಲ್ಲ! 2022ರ ಡಿಸೆಂಬರ್ 23ಕ್ಕೆ ಒಂದು ಮುಗಿಯಿತು, ನಡುವೆ ಅಧಿಕ ಶ್ರಾವಣ ನುಸುಳಿತು, ಮುಂದಿನದು 2024ರ ಜನವರಿ 11ಕ್ಕೆ ಹೋಯಿತು. ಬದಲಿಗೆ 2024ಕ್ಕೆ ಎರಡು ಸಿಕ್ಕವು. ಎರಡನೆಯದು ಡಿಸೆಂಬರ್ 30ಕ್ಕೆ. ಎಳ್ಳಾಮಾಸಿ ಇಲ್ಲದ ಆ 2023 ಯಾವ ವರ್ಷ ಗೊತ್ತೇ? ವಿಶ್ವಸಂಸ್ಥೆ ಸಾರಿದ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಜಗತ್ತೆಲ್ಲ ಸಜ್ಜೆಯ ಗುಣಗಾನ ಮಾಡುತ್ತಿದ್ದಾಗ ಸಜ್ಜೆ ಕಡಬಿನ ಹಬ್ಬವೇ ರಜೆಯಲ್ಲಿತ್ತು.

ಗಡಿಯಾಚೆ ಲಾತೂರ್ ಸೀಮೆಯ ಮರಾಠಿಗರಿಗೂ ಇದೇ ದೊಡ್ಡ ಹಬ್ಬ. ಅವರೂ ಹೊಲಕ್ಕೆ ಹೋಗುತ್ತಾರೆ, ಅವರದೂ ಭಜ್ಜಿ-ಅಂಬಲಿಯೇ. ಅವರು ಅದನ್ನು ‘ಯಳವಸ’ ಎನ್ನುತ್ತಾರೆ. ನಮ್ಮ ‘ಎಳ್ಳ ಅಮವಾಸೆ’ಯನ್ನು ಬೇಗ ಬೇಗ ಹೇಳಿ ನೋಡಿ, ಆ ಹೆಸರು ಎಲ್ಲಿಂದ ಹೋಯಿತೆಂದು ಕಿವಿಗೇ ಗೊತ್ತಾಗುತ್ತದೆ.

ಎಳ್ಳಿನ ಮಾತು ಬಂತಲ್ಲ, ಸಂಕ್ರಾಂತಿಗೆ ಹಂಚುವ ಕುಸುರೆಳ್ಳಿನ ಮೈಮೇಲೆ ಮುಳ್ಳು ಬರುವುದು ಹೇಗೆ? ಸಣ್ಣ ಉರಿಯಲ್ಲಿ ಎಳ್ಳು ಆಡಿಸುತ್ತ, ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಡಬೇಕು. ದಿನಗಟ್ಟಲೆ. ಕೈ ಅವಸರ ಮಾಡಿತೋ, ಮುಳ್ಳಿಲ್ಲ.

ಹಳೇ ಮೈಸೂರಿನವರು ಯುಗಾದಿಯ ಮರುದಿನ ವರ್ಷತೊಡಕು ಎಂದು ಬಾಡೂಟ ಮಾಡುತ್ತಾರೆ. ಅಂದು ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆಂಬ ನಂಬಿಕೆ. ನಮ್ಮ ಮನೆಯಲ್ಲಿ ಮರುದಿನದ ಕಾರ್ಯಕ್ರಮ ಬೇರೆ. ಬಿದಿಗೆಯ ಸಂಜೆ ಮಾಳಿಗೆ ಹತ್ತಿ ಚಂದ್ರನ ಗೆರೆ ಹುಡುಕುವುದು, ಕೆಳಗಿಳಿದು ಉಳಿದ ಕಟ್ಟಿನ ಸಾರು ಮುಗಿಸುವುದು. ಆಮೇಲೆ ಆಯಿ ಬೇವಿನ ಗಡಗಿಯನ್ನು ತೊಳೆದು, ಪಡಸಾಲೆಯ ಮೂಲೆಯಲ್ಲಿ ಉಸುಕಿನ ಮೇಲೆ ಕೂರಿಸಿ, ಬಾಯಿಗೆ ಹಸಿ ಬಟ್ಟೆ ಕಟ್ಟಿ ನೀರು ತುಂಬುತ್ತಿದ್ದಳು. ಇನ್ನು ಮಳೆ ಬರುವವರೆಗೆ, ನಲವತ್ತು ಡಿಗ್ರಿ ದಾಟುವ ಬೇಸಿಗೆಗೆಲ್ಲ ಅದೇ ಕುಡಿಯುವ ನೀರಿನ ಗಡಗಿ. ಎಷ್ಟು ತೊಳೆದರೂ ಮೂರ್ನಾಲ್ಕು ದಿನ ಆ ನೀರಿಗೆ ಹುಣಸೆ-ಬೆಲ್ಲದ ವಾಸನೆ ಇರುತ್ತಿತ್ತು, ಒಮ್ಮೊಮ್ಮೆ ಲೋಟದಲ್ಲಿ ಒಂದು ಬೇವಿನ ಹೂವೂ ತೇಲುತ್ತಿತ್ತು.